ಅಂಕಗಳಲ್ಲಿ ಅಡಗಿದ ನಡೆ: ಸಿರಿಭೂವಲಯವೂ ಯಂತ್ರಸಂಕೇತದ ಗೂಢೀಕರಣವೂ

ಕುಮುದೇಂದು ಮುನಿಯ 'ಸಿರಿಭೂವಲಯ'ದಲ್ಲಿ ಅಕ್ಷರಗಳಿಲ್ಲವೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಉದ್ದಕ್ಕೆ ೨೭, ಅಡ್ಡಕ್ಕೆ ೨೭, ಒಟ್ಟು ೭೨೯ ಮನೆಗಳುಳ್ಳ ಚಕ್ರಗಳಲ್ಲಿ ೧ರಿಂದ ೬೪ರವರೆಗಿನ ಅಂಕಗಳನ್ನು ತುಂಬಲಾಗಿದೆ. ಒಂದೊಂದು ಅಂಕಕ್ಕೂ ಒಂದೊಂದು ಧ್ವನಿ. ಆದರೆ ಅಂಕಕ್ಕೆ ಅಕ್ಷರವನ್ನಿಟ್ಟ ಮಾತ್ರಕ್ಕೆ ಪದ್ಯವು ದೊರೆಯದು. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ನಡೆಯನ್ನು, ಎಂದರೆ 'ಬಂಧ'ವನ್ನು, ಅರಿತವನಿಗೇ ಅದು ಒದಗತಕ್ಕುದು. ಕವಿಯ ಊರು ನಂದಿಬೆಟ್ಟದ ಬಳಿಯ ಯಲವಳ್ಳಿಯೆಂದು ಹೇಳುವುದುಂಟು. ಆ ಸೀಮೆ ೨೦೦೭ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದಿತಾದುದರಿಂದ ಲಕ್ಕೂರು, ಮಾಲೂರುಗಳವರಿಗೆ ಇದು ದೂರದ ಮಾತಲ್ಲ.

ನಡೆಯನ್ನು ಮರೆಮಾಡುವ ಈ ವಿದ್ಯೆ ಇಂದು ಗಣಕಯಂತ್ರದ ಕ್ರಮವಿಧಿಗಳಲ್ಲಿಯೂ ಬಳಕೆಯಲ್ಲಿದೆ. ಯಂತ್ರದ ಸ್ಮೃತಿಯಲ್ಲಿರುವುದೂ ಅಂಕಗಳ ಸಾಲೇ. ೦ಯಿಂದ ೨೫೫ರವರೆಗಿನ ಒಂದೊಂದು ಅಂಕವೂ ಒಂದು ಬೈಟು. ಇಂಟೆಲ್ ಮಾದರಿಯ ಸಂಸ್ಕಾರಕಗಳಲ್ಲಿ ಆಜ್ಞೆಗಳ ಉದ್ದವು ಏಕಪ್ರಕಾರವಾಗಿಲ್ಲ. ಕೆಲವು ಒಂದೇ ಬೈಟಿನವು, ಕೆಲವು ಐದರವು ಅಥವಾ ಅದಕ್ಕೂ ಹೆಚ್ಚಿನವು. ಮರೆಮಾಚುವವರಿಗೆ ಅನುಕೂಲವಾದುದು ಇದೇ. ೨೩೫, ೧, ೨೩೨ ಎಂಬ ಸಾಲನ್ನು ನೋಡೋಣ. ೨೩೫ ಎಂದರೆ 'ನೆಗೆ'; ೧ ಎಂದರೆ 'ಒಂದು ಮನೆಯನ್ನು ದಾಟಿ'. ಆದಕಾರಣ ೨೩೨ನ್ನು ಯಂತ್ರವು ಮುಟ್ಟುವುದೇ ಇಲ್ಲ. ಅದು ಬರಿಯ ಕಸ. ಆದರೆ ಆ ಅಂಕಕ್ಕೆ ತನ್ನದೇ ಅರ್ಥವೊಂದಿದ್ದು, ಅದು ಮುಂದಿನ ನಾಲ್ಕು ಬೈಟುಗಳನ್ನು ತನ್ನೊಡನೆ ಸೇರಿಸಿಕೊಳ್ಳುವ ಆಜ್ಞೆಯ ಮೊದಲಾಗಿದೆ. ಸಾಲುಹಿಡಿದು ಓದುವ ಡಿಸ್‌ಅಸೆಂಬ್ಲರು ಅಲ್ಲಿ ಎಡವಿ, ನಿಜವಾದ ಆಜ್ಞೆಗಳನ್ನು ಕಸದೊಡನೆ ಕೂಡಿಸಿ ಓದುತ್ತದೆ. ನೆಗೆತವನ್ನು ಅನುಸರಿಸುತ್ತಲೇ ಓದುವ ಜಾಣ ಸಾಧನವಾದರೋ ಇದಕ್ಕೆ ಮೋಸಹೋಗದು. ಅದಕ್ಕಾಗಿ 'ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದರೆ ಸಮಸಂಖ್ಯೆ ಬರುವುದೇ?' ಎಂಬಂಥ, ಉತ್ತರವು ಸದಾ ಒಂದೇ ಆದ ಪ್ರಶ್ನೆಯನ್ನು ಹೂಡಿ, ಎರಡು ದಾರಿಗಳಿರುವಂತೆ ನಟಿಸುವುದುಂಟು. ತಮ್ಮ ಕ್ರಮವಿಧಿಯ ಕಳವನ್ನು ತಡೆಯುವವರೂ, ವೈರಸ್ಸುಗಳನ್ನು ಬಚ್ಚಿಡುವವರೂ ಬಳಸುವ ಉಪಾಯಗಳಲ್ಲಿ ಇದೂ ಒಂದು. ಎಲ್ಲ ಕ್ರಮವಿಧಿಗಳನ್ನೂ ಪೂರ್ಣವಾಗಿ ಮರೆಮಾಚುವ ಸಾರ್ವತ್ರಿಕ ವಿಧಾನವಿರಲಾರದೆಂದು ಬೋಅಝ್ ಬರಾಕ್ ಮೊದಲಾದವರು ೨೦೦೧ರಲ್ಲಿ ಸಾಧಿಸಿ ತೋರಿಸಿದ್ದಾರೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಭೇದವೊಂದಿದೆ. ಯಂತ್ರಸಂಕೇತವನ್ನು ಎಷ್ಟೇ ಗೋಜಲಾಗಿಸಿದರೂ ಸಂಸ್ಕಾರಕವು ಅದನ್ನು ನಿಶ್ಚಿತವಾದ ಒಂದೇ ರೀತಿಯಲ್ಲಿ ನಡೆಸುತ್ತದೆ. ಓದು ಸರಿಯೋ ತಪ್ಪೋ ಎಂಬುದಕ್ಕೆ ಸಾಕ್ಷಿ ಅದೇ. ಸಿರಿಭೂವಲಯಕ್ಕೆ ಅಂಥ ಸಾಕ್ಷಿಯಿಲ್ಲ. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ೧೯೫೩ರಲ್ಲಿ ಅದರ ಭಾಗವು ಅಚ್ಚಾದಂದಿನಿಂದ, ಕವಿಯು ಅಮೋಘವರ್ಷನ ಕಾಲದವನೆಂಬ ಪಕ್ಷವೂ, ಭಾಷೆಯನ್ನು ನೋಡಿದರೆ ಬಹಳ ಈಚಿನವನೆಂಬ ಪಕ್ಷವೂ ನಡೆದುಬಂದಿವೆ. ಬಂಧವನ್ನು ಓದುಗನೇ ಇಚ್ಛೆಬಂದಂತೆ ಆರಿಸಿಕೊಳ್ಳುವುದಾದರೆ ೭೨೯ ಮನೆಗಳಲ್ಲಿ ಯಾವ ಮಾತನ್ನು ತಾನೆ ಹುಡುಕಲಾಗದು? ಬಂಧವನ್ನು ಮೊದಲೇ ಬರೆದಿಟ್ಟು, ಅದರಂತೆ ಬೇರೊಬ್ಬರಿಂದ ಇನ್ನೊಂದು ಚಕ್ರವನ್ನು ಓದಿಸಿದಾಗ ಛಂದಸ್ಸು ಕೆಡದ ಪದ್ಯವು ಬಂದರೆ ಆ ಓದನ್ನು ಒಪ್ಪಬಹುದೆಂಬುದು ನಮ್ಮ ಮತ. ಅಣುವಿಜ್ಞಾನವೂ ವಿಮಾನವಿದ್ಯೆಯೂ ಅದರಲ್ಲಿ ಅಡಗಿವೆಯೆಂಬ ಮಾತನ್ನು ಈ ಪರೀಕ್ಷೆಗೆ ಮುನ್ನ ತರಗತಿಯಲ್ಲಿ ಬೋಧಿಸಲಾಗದು.