ಹಲವರ ಗಣಕ, ಒಬ್ಬೊಬ್ಬರ ಗುಟ್ಟು

೨೦೧೭ನೆಯ ಇಸವಿ ಆಗಸ್ಟ್ ೨೪ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು, ವ್ಯಕ್ತಿಯ ಖಾಸಗಿತನವು ಸಂವಿಧಾನವು ರಕ್ಷಿಸತಕ್ಕ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ನಾಡಿನವರೇ: ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿ, ಎಂಬತ್ತರ ವಯಸ್ಸನ್ನೂ ದಾಟಿದ ಮೇಲೆ, ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ದೆಹಲಿಯ ಕದ ತಟ್ಟಿದ ಕೆ. ಎಸ್. ಪುಟ್ಟಸ್ವಾಮಿಯವರು. ತೀರ್ಪಿತ್ತವರಲ್ಲಿ ಒಬ್ಬರಾದ ಎಸ್. ಅಬ್ದುಲ್ ನಜೀರ್ ದಕ್ಷಿಣ ಕನ್ನಡದವರು. ಮತ್ತೊಬ್ಬರಾದ ಶರದ್ ಬೊಬಡೆಯವರು ನಾಗಪುರದಲ್ಲಿ ಹುಟ್ಟಿ, ಅಲ್ಲಿಯ ಉಚ್ಚ ನ್ಯಾಯಾಲಯ ಪೀಠದೆದುರು ವಕೀಲಿ ಮಾಡಿ ಮೇಲೇರಿದವರು.

ಅದೇ ನಾಗಪುರದಲ್ಲಿ, ಅದೇ ದಿನ, ಅಮೆರಿಕದ ಪರೀಕ್ಷಕ ಸಂಸ್ಥೆಯೊಂದರ ವರದಿಯನ್ನು ನಂಬುವುದಾದರೆ, ಒಬ್ಬ ವಕೀಲರ ಗಣಕಯಂತ್ರದೊಳಗೆ ಅಪರಿಚಿತನೊಬ್ಬನು ಯಾರ ಅಪ್ಪಣೆಯೂ ಇಲ್ಲದೆ ಓಡಾಡಿಕೊಂಡಿದ್ದನು. ಆ ವಕೀಲರು, ದಲಿತರ ಮತ್ತು ಆದಿವಾಸಿಗಳ ಪರವಾಗಿ ವಾದಿಸುತ್ತ ಹೆಸರಾದ ಸುರೇಂದ್ರ ಗಡ್ಲಿಂಗ್. ೨೦೧೮ರ ಏಪ್ರಿಲ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದ ಸಂಬಂಧವಾಗಿ ಪುಣೆಯ ಪೊಲೀಸರು ಅವರ ಮನೆಯನ್ನು ಶೋಧಿಸಿ ಗಣಕೋಪಕರಣಗಳನ್ನು ವಶಪಡಿಸಿಕೊಂಡರು. ಜೂನ್‌ನಲ್ಲಿ ಅವರ ಬಂಧನವಾಯಿತು. ಆಸ್ತಿಯ ಜಗಳವನ್ನೋ ಸಾಲದ ಪತ್ರವನ್ನೋ ವಕೀಲರಲ್ಲಿಗೆ ಒಯ್ಯುವ ಸಾಮಾನ್ಯನು, ತಾನು ಹೇಳಿದ್ದು ವಕೀಲನ ಕಿವಿಯನ್ನು ದಾಟಿ ಹೋಗಲಾರದೆಂಬ ಭರವಸೆಯಿಂದಲೇ ಬಾಯಿ ಬಿಡುತ್ತಾನಾದ್ದರಿಂದ, ವಕೀಲನೊಬ್ಬನ ಗಣಕವೆಂಬುದು ಹೆಸರಿಗೆ ಒಬ್ಬನದಾದರೂ ನೂರಾರು ಜನರ ಗುಟ್ಟಿನ ಉಗ್ರಾಣವೇ ಸರಿ.

ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಆ ಸಂಸ್ಥೆಯು ೨೦೨೧ರಲ್ಲಿ ಹೇಳಿದ್ದಿಷ್ಟು. ಪರಿಚಿತರ ಹೆಸರನ್ನು ಹೊತ್ತು ಬಂದ ಇ-ಪತ್ರಗಳ ಲಗತ್ತಿನೊಳಗೆ ನೆಟ್‌ವೈರ್ ಎಂಬ ತಂತ್ರಾಂಶವು ಅಡಗಿತ್ತು. ಅದರ ಮೂಲಕ ೨೦೧೬ರ ಫೆಬ್ರವರಿಯಿಂದ ೨೦೧೭ರ ನವೆಂಬರ್‌ವರೆಗೆ, ಇಪ್ಪತ್ತು ತಿಂಗಳಿಗೂ ಮಿಕ್ಕಿ, ಆ ಯಂತ್ರವು ಪರಾಧೀನವಾಗಿತ್ತು. ಮುಂದೆ ಅವರ ವಿರುದ್ಧ ಸಾಕ್ಷ್ಯವೆಂದು ತೋರಿಸಲಾದ ೧೪ ಪತ್ರಗಳು ಇದೇ ದಾರಿಯಿಂದ ಒಳಸೇರಿದವು. ವರದಿಯು ಆರೋಪಿಗಳ ಕಡೆಯವರು ಬರೆಯಿಸಿಕೊಂಡದ್ದು; ಅಭಿಯೋಜನ ಪಕ್ಷವು ಅದನ್ನು ಒಪ್ಪಿಲ್ಲ; ದಾಳಿಕೋರನು ಯಾರೆಂದು ವರದಿಯೂ ಹೆಸರಿಸಿಲ್ಲ. ಆದುದರಿಂದ ಆ ವ್ಯಾಜ್ಯದ ಗುಣದೋಷಗಳನ್ನು ನ್ಯಾಯಾಲಯಕ್ಕೇ ಬಿಡೋಣ. ನಮ್ಮ ಪ್ರಕೃತ ವಿಚಾರಕ್ಕೆ ಬೇಕಾದದ್ದು ಆ ತಂತ್ರಾಂಶದ ಸ್ವಭಾವ ಮಾತ್ರ.

ನೆಟ್‌ವೈರ್ ಯಾವ ರಹಸ್ಯ ಪ್ರಯೋಗಶಾಲೆಯ ಸೃಷ್ಟಿಯೂ ಅಲ್ಲ. ದೂರದಿಂದ ಗಣಕವನ್ನು ದುರಸ್ತಿ ಮಾಡುವ ಸಾಧನವೆಂಬ ಸಭ್ಯ ವೇಷದಲ್ಲಿ, ಜಾಲತಾಣವೊಂದರಲ್ಲಿ ವರ್ಷಾನುಗಟ್ಟಲೆ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಸರಕು ಅದು. ೨೦೨೩ರ ಮಾರ್ಚ್‌ನಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಆ ತಾಣವನ್ನು ಮುಟ್ಟುಗೋಲು ಹಾಕಿದರು, ಮಾರುತ್ತಿದ್ದನೆನ್ನಲಾದವನು ಕ್ರೊಯೇಷಿಯಾದಲ್ಲಿ ಸೆರೆಸಿಕ್ಕಿದನು. ಒಮ್ಮೆ ಒಳಸೇರಿತೆಂದರೆ ಅದು ಕೀಲಿಮಣೆಯ ಮೇಲೆ ಬಿದ್ದ ಪ್ರತಿಯೊಂದು ಬೆರಳಿನ ಹೊಡೆತವನ್ನೂ ಬರೆದಿಡುತ್ತದೆ. ಪರದೆಯ ಚಿತ್ರ ತೆಗೆಯುತ್ತದೆ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳನ್ನು ಎತ್ತಿಕೊಳ್ಳುತ್ತದೆ. ಕಡತಗಳನ್ನು ಹೊರಗೆ ಸಾಗಿಸುವಷ್ಟೇ ಸಲೀಸಾಗಿ ಹೊರಗಿನ ಕಡತಗಳನ್ನು ಒಳಕ್ಕೂ ತಂದಿಡಬಲ್ಲದು. ಈ ಕಡೆಯ ಮಾತನ್ನು ಜನ ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಕದಿಯುವ ಕಳ್ಳನನ್ನು ನಾವು ಬಲ್ಲೆವು. ಇಟ್ಟುಹೋಗುವ ಕಳ್ಳನು ಹೊಸಬ.

ನಾಗಪುರದ್ದೇ ಇನ್ನೊಂದು ಪ್ರಕರಣವು ಮನೆವಾರ್ತೆಗೆ ಮತ್ತಷ್ಟು ಹತ್ತಿರದ್ದು. ಬ್ರಹ್ಮೋಸ್ ಕ್ಷಿಪಣಿಯ ಘಟಕದಲ್ಲಿದ್ದ ಯುವ ಎಂಜಿನಿಯರ್ ಒಬ್ಬರನ್ನು ೨೦೧೮ರ ಅಕ್ಟೋಬರ್‌ನಲ್ಲಿ ಬಂಧಿಸಲಾಯಿತು. ಲಿಂಕ್ಡ್‌ಇನ್‌ನಲ್ಲಿ ಉದ್ಯೋಗದ ಆಸೆ ತೋರಿಸಿದ ಒಂದು ಸುಳ್ಳು ಹೆಸರಿನ ಮಹಿಳೆಯ ಮಾತನ್ನು ನಂಬಿ ಅವರು ತಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಕೆಲವು ತಂತ್ರಾಂಶಗಳನ್ನು ಇಳಿಸಿಕೊಂಡರೆಂದೂ, ಅವು ಬೇಹುಗಾರಿಕೆಯವೆಂದೂ ತನಿಖೆಯವರು ಹೇಳಿದರು. ೨೦೨೪ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮುಂದೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ಬೇಹುಗಾರಿಕೆಯ ಗುರುತರ ಆರೋಪಗಳಿಂದ ಅವರನ್ನು ಮುಕ್ತಗೊಳಿಸಿ, ಕಚೇರಿಯ ದಾಖಲೆಗಳನ್ನು ಸ್ವಂತ ಯಂತ್ರದಲ್ಲಿ ಎಚ್ಚರವಿಲ್ಲದೆ ಇರಿಸಿಕೊಂಡದ್ದಕ್ಕೆ ಮಾತ್ರ ಮೂರು ವರ್ಷದ ಶಿಕ್ಷೆಯನ್ನು ಉಳಿಸಿತು. ದ್ರೋಹಕ್ಕೂ ಅಜಾಗರೂಕತೆಗೂ ನಡುವಿನ ಅಂತರವು ಒಬ್ಬ ಮನುಷ್ಯನ ಆಯುಷ್ಯದಷ್ಟು ದೊಡ್ಡದೆಂಬುದು ಸ್ಪಷ್ಟವಾಗಲು ಏಳು ವರ್ಷ ಹಿಡಿಯಿತು.

ವಕೀಲರೂ ಕ್ಷಿಪಣಿಯ ಎಂಜಿನಿಯರರೂ ಅಲ್ಲದ ನಮ್ಮಂಥವರ ಮನೆಗೆ ಬರೋಣ. ನಡುಮನೆಯಲ್ಲಿ ಒಂದು ಗಣಕ. ಅದಕ್ಕೆ ಒಂದೇ ಖಾತೆ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಅಥವಾ ಇಲ್ಲವೇ ಇಲ್ಲ. ವಿಂಡೋಸ್ ಗಣಕವನ್ನು ಕೊಂಡು ತಂದು ಮೊದಲ ಬಾರಿ ತೆರೆದಾಗ ಹುಟ್ಟುವ ಖಾತೆಗೆ ಯಂತ್ರದ ಸಮಸ್ತ ಅಧಿಕಾರವೂ ಇರುತ್ತದೆಂಬುದೂ, ಬಹುಪಾಲು ಕುಟುಂಬಗಳು ಆ ಖಾತೆಯೊಂದರಲ್ಲೇ ಕಾಲ ಹಾಕುತ್ತವೆಂಬುದೂ ಅಪಾಯದ ಮೂಲ. ಮಗನು ಬಿಟ್ಟಿ ಆಟವೊಂದರ ಕಳ್ಳಪ್ರತಿಯನ್ನು ಇಳಿಸಿಕೊಂಡನೆಂದರೆ, ಅದರ ಬೆನ್ನಿಗಂಟಿ ಬಂದದ್ದು ತಂದೆಯ ಬ್ಯಾಂಕಿನ ಲೆಕ್ಕವನ್ನೂ, ತಾಯಿಯ ವೈದ್ಯಕೀಯ ವರದಿಯನ್ನೂ, ಅಕ್ಕನು ಗೆಳತಿಗೆ ಬರೆದ ಪತ್ರವನ್ನೂ ಒಂದೇ ಸಮನಾಗಿ ಓದುತ್ತದೆ.

ಇದು ಹೊರಗಿನ ಶತ್ರುವಿನ ಮಾತಾಯಿತು. ಒಳಗಿನವನ ಮಾತು ಹೆಚ್ಚು ಕಠಿಣ. ಹೆಂಡತಿಯ ಮೇಲೆ ಗಂಡ, ಗಂಡನ ಮೇಲೆ ಹೆಂಡತಿ, ಬೆಳೆದ ಮಕ್ಕಳ ಮೇಲೆ ತಂದೆತಾಯಿಗಳು ಗುಪ್ತವಾಗಿ ಹೂಡುವ ತಂತ್ರಾಂಶಗಳು ‘ಕುಟುಂಬ ಸುರಕ್ಷತೆ’ಯ ಹೆಸರಿನಲ್ಲಿ ದೊರೆಯುತ್ತವೆ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಏಕಾಂತವೆಲ್ಲಿತ್ತು, ಬಂದ ಕಾಗದವನ್ನು ಹಿರಿಯರೇ ಒಡೆದು ಓದುತ್ತಿದ್ದರಲ್ಲ, ಎಂದು ಆಕ್ಷೇಪಿಸುವವರುಂಟು. ನಿಜ, ಆದರೆ ಅಲ್ಲಿ ನೋಡುವವರು ನೋಡಿಸಿಕೊಳ್ಳುವವರ ಕಣ್ಣಿಗೆ ಬೀಳುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತದ್ದನ್ನು ಕಂಡ ಸೊಸೆಗೆ ಮಾತು ಬದಲಿಸುವ ಸ್ವಾತಂತ್ರ್ಯವಾದರೂ ಇತ್ತು.

ಕಾಯಿದೆಯು ಇಲ್ಲಿ ಎಷ್ಟು ಆಸರೆ ಕೊಡುತ್ತದೆ? ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಪ್ರಕರಣವು, ಗಣಕದ ಒಡೆಯನ ಅಥವಾ ಅದರ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಒಳಹೊಕ್ಕರೆ, ವೈರಸ್ ಸೇರಿಸಿದರೆ, ದತ್ತಾಂಶವನ್ನು ನಕಲಿಸಿದರೆ ಪರಿಹಾರ ತೆರಬೇಕೆನ್ನುತ್ತದೆ. ಅದನ್ನೇ ಅಪ್ರಾಮಾಣಿಕತೆಯಿಂದಲೋ ವಂಚನೆಯಿಂದಲೋ ಮಾಡಿದರೆ ೬೬ನೆಯ ಪ್ರಕರಣದ ಪ್ರಕಾರ ಮೂರು ವರ್ಷದವರೆಗೆ ಸೆರೆಮನೆ. ಆದರೆ ಮನೆಯ ಗಣಕಕ್ಕೆ ಒಡೆಯರು ಯಾರು? ದುಡ್ಡು ಕೊಟ್ಟ ಗಂಡನೇ ಬೇಹುಗಾರನಾದಲ್ಲಿ ಅವನು ಯಾರ ಅನುಮತಿಯನ್ನು ಮೀರಿದಂತಾಯಿತು? ಪೆಟ್ಟಿಗೆ ಯಾರದೆಂದು ಕೇಳುವ ಕಾಯಿದೆಯು ಪೆಟ್ಟಿಗೆಯೊಳಗಿನ ಮಾತು ಯಾರದೆಂದು ಕೇಳುವುದನ್ನು ಮರೆತಂತಿದೆ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಾದರೋ, ವ್ಯಕ್ತಿಯೊಬ್ಬನು ಸ್ವಂತದ ಅಥವಾ ಗೃಹಕೃತ್ಯದ ಉದ್ದೇಶಕ್ಕಾಗಿ ನಡೆಸುವ ವ್ಯವಹಾರವನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ.

೨೦೨೫ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನ್ನಡಿಗರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠದಿಂದ, ಹೆಂಡತಿಯ ದೂರವಾಣಿ ಸಂಭಾಷಣೆಯನ್ನು ಗಂಡನು ಗುಟ್ಟಾಗಿ ಧ್ವನಿಮುದ್ರಿಸಿದ್ದು ವಿಚ್ಛೇದನದ ವಿಚಾರಣೆಯಲ್ಲಿ ಸಾಕ್ಷ್ಯವಾಗಬಹುದೆಂದು ತೀರ್ಪಿತ್ತಿತು. ದಂಪತಿಗಳು ಒಬ್ಬರ ಮೇಲೊಬ್ಬರು ಹೊಂಚು ಹಾಕುವ ಹಂತಕ್ಕೆ ಬಂದಿದ್ದರೆ ಆ ಸಂಬಂಧವು ಮೊದಲೇ ಮುರಿದಿದೆಯೆಂಬುದು ಪೀಠದ ಅಭಿಪ್ರಾಯ. ಸಾಕ್ಷ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿದೆ, ವಿಚ್ಛೇದನದ ದಾವೆಯಲ್ಲಿ ಬೇರೆ ಸಾಕ್ಷಿಗಳಾದರೂ ಎಲ್ಲಿಂದ ಬರಬೇಕು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮುರಿದ ಸಂಬಂಧದಲ್ಲಿ ಇಬ್ಬರ ಕೈಯಲ್ಲೂ ಉಪಕರಣ ಸಮನಾಗಿರುವುದು ಅಪರೂಪ. ಗಣಕದ ಖಾತೆ ತೆರೆದವನು, ಫೋನು ಕೊಡಿಸಿದವನು, ಸಾಮಾನ್ಯವಾಗಿ ಒಬ್ಬನೇ.

ಇನ್ನು ಮಾಡತಕ್ಕದ್ದು. ಅಧಿಕಾರವುಳ್ಳ ಖಾತೆಯನ್ನು ತಂತ್ರಾಂಶ ಹೂಡುವುದಕ್ಕೆ ಮಾತ್ರ ಮೀಸಲಿಟ್ಟು, ಮನೆಯ ಪ್ರತಿಯೊಬ್ಬರಿಗೂ ಅಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನೂ ಅವರವರದೇ ಪಾಸ್‌ವರ್ಡನ್ನೂ ಕೊಡುವುದು ಅರ್ಧ ಗಂಟೆಯ ಕೆಲಸ. ಅದೊಂದರಿಂದಲೇ ಅನೇಕ ಕೇಡುಗಳ ಕೈ ಕಟ್ಟಿದಂತಾಗುತ್ತದೆ. ಪರಿಚಿತರ ಹೆಸರಿನಲ್ಲಿ ಬಂದರೂ ಕೇಳದೆ ಬಂದ ಲಗತ್ತನ್ನು ತೆರೆಯುವ ಮೊದಲು ಅವರಿಗೊಂದು ಫೋನು ಮಾಡಬೇಕು. ಕೇಂದ್ರ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಶೋಧಕ ತಂತ್ರಾಂಶಗಳನ್ನು ಉಚಿತವಾಗಿಯೇ ಒದಗಿಸುತ್ತದೆ. ಸಂಶಯವು ಮನೆಯವರ ಮೇಲೆಯೇ ಇದ್ದಾಗ ಆ ಗಣಕದಿಂದಲೇ ಪರಿಹಾರ ಹುಡುಕುವುದು, ಪಾಸ್‌ವರ್ಡ್ ಬದಲಿಸುವುದು ಎರಡೂ ಅವಿವೇಕ, ಏಕೆಂದರೆ ಹುಡುಕಿದ ಪದಗಳೂ ಬೇಹುಗಾರನಿಗೆ ತಲುಪುತ್ತವೆ. ನಂಬಿಗಸ್ತರ ಬೇರೊಂದು ಯಂತ್ರವನ್ನೇ ಬಳಸಬೇಕು. ಗಾಬರಿಯಿಂದ ಡಿಸ್ಕನ್ನು ಅಳಿಸಿಬಿಡುವುದೂ ಸಲ್ಲದು: ದೂರು ಕೊಡುವ ಮನಸ್ಸಿದ್ದರೆ ಪೊಲೀಸರಿಗೂ ಪರೀಕ್ಷಕರಿಗೂ ಬೇಕಾದ ಕುರುಹು ಇರುವುದು ಅಲ್ಲಿಯೇ. ನಾಗಪುರದ ವಕೀಲರ ಗಣಕದೊಳಗೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯಾರೋ ಇದ್ದರೆಂದು ವರ್ಷಗಳ ಅನಂತರ ಹೇಳಲು ಸಾಧ್ಯವಾದದ್ದು, ಅದರ ಡಿಸ್ಕಿನ ಅಕ್ಷರಶಃ ನಕಲೊಂದು ಆರೋಪಿಯ ಕಡೆಯವರಿಗೂ ದೊರೆತು, ಅದು ಪರೀಕ್ಷಕರ ಕೈ ಸೇರಿದ್ದರಿಂದ.