ಕರೆಯದೆ ಬಂದ ಕಡಲ ಅತಿಥಿಗಳು

ಭಂಕೂರದ ಮನೆಗಳಲ್ಲಿ ನಾವು ದಿನವೂ ತುಳಿದು ನಡೆಯುವ ಹಾಸುಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದ ಕೆಸರಾಗಿತ್ತೆಂದು ಭೂಶಾಸ್ತ್ರಜ್ಞರು ತಿಳಿಸಿರುತ್ತಾರೆ. ಆ ಕಡಲು ಹೋಯಿತು, ಕಲ್ಲು ಉಳಿಯಿತು. ಈಗಲಾದರೋ ಉಪ್ಪುನೀರಿನ ಗಾಜಿನ ತೊಟ್ಟಿಗಳ ಮೂಲಕ ಕಡಲು ಪುನಃ ಒಳನಾಡಿನ ಮನೆಗಳಿಗೆ ಬರುತ್ತಲಿದೆ.

ತೊಟ್ಟಿಯಲ್ಲಿರಿಸುವ ಕಡಲಗಲ್ಲಿನ ರಂಧ್ರಗಳಲ್ಲಿ ಮಾರಿದವರಿಗೂ ಕೊಂಡವರಿಗೂ ತಿಳಿಯದಂತೆ ಹುಳು, ಏಡಿ, ಸೀಗಡಿಗಳು ಅಡಗಿ ಬರುವುದುಂಟು. ರಾತ್ರಿ ದೀಪ ಹಚ್ಚಿದಾಗ ಅಪರಿಚಿತ ಜೀವಿಯೊಂದು ಸರಕ್ಕನೆ ಬಿಲ ಸೇರುವುದನ್ನು ಕಂಡ ಮಕ್ಕಳು ಬೆದರಿ ಅದನ್ನು ಕೊಲ್ಲಿರೆನ್ನುವುದು ಸಹಜವೇ. ಆದರೆ ಗುರುತು ಹಿಡಿಯುವ ಮೊದಲು ಕೈಮಾಡುವುದು ಸಲ್ಲದು.

ಮೊದಲನೆಯದಾಗಿ, ರಾತ್ರಿ ಕೆಂಪು ಬೆಳಕಿನಲ್ಲಿ ತಾಳ್ಮೆಯಿಂದ ನೋಡಬೇಕು. ಆ ಬೆಳಕಿಗೆ ಇವು ಅಷ್ಟಾಗಿ ಬೆದರುವುದಿಲ್ಲ. ಇಕ್ಕೆಲಗಳಲ್ಲಿ ಬಿರುಗೂದಲುಳ್ಳ ಸಣ್ಣ ಹುಳುಗಳು ಬಹುಮಟ್ಟಿಗೆ ಜಾಡಮಾಲಿಗಳು. ಮಿಕ್ಕ ಆಹಾರವನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತವೆ. ಆದರೆ ಕೂದಲು ಚುಚ್ಚುವುದರಿಂದ ಬರಿಗೈಯಲ್ಲಿ ಮುಟ್ಟಕೂಡದು. ತಲೆಯ ಮೇಲೆ ಐದು ಮೀಸೆಗಳಿದ್ದರೆ ಅದು ಯೂನಿಸ್ ಎಂಬ ಬೇರೆ ಕುಲದ ಹುಳುವಿರಬಹುದು. ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಮತ್ಸ್ಯಾಲಯವೊಂದರಲ್ಲಿ ಹವಳಗಳು ಹಾಳಾಗುತ್ತಿರಲು, 2009ರಲ್ಲಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಾಗ ಸುಮಾರು 4 ಅಡಿ ಉದ್ದದ ಇಂಥ ಹುಳು ಸಿಕ್ಕಿತು. ಅದನ್ನು ಕೊಲ್ಲದೆ ಪ್ರತ್ಯೇಕ ತೊಟ್ಟಿಯಲ್ಲಿರಿಸಿದರು.

ಕಲ್ಲಿನೊಳಗಿಂದ ಟಕ್ ಟಕ್ ಎಂಬ ಸದ್ದು ಬಂದರೆ ಅದು ಮೀನುಗಳನ್ನು ಕೊಲ್ಲುವ ಮಂಟಿಸ್ ಸೀಗಡಿಯದಿರಬಹುದು. ಬಹುಮಟ್ಟಿಗೆ ನಿರಪಾಯಿಯಾದ ಪಿಸ್ತೂಲು ಸೀಗಡಿಯದೂ ಇರಬಹುದು. ಕಿವಿ ಇದನ್ನು ತೀರ್ಮಾನಿಸಲಾರದು. ದಂಟಿನ ಮೇಲೆ ತಿರುಗುವ ಕಣ್ಣುಗಳೂ ಎದೆಗೆ ಮಡಚಿದ ಬೇಟೆಗಾಲುಗಳೂ ಇದ್ದರೆ ಮೊದಲನೆಯದು. ಒಂದು ಚಿಮಟವು ಮತ್ತೊಂದಕ್ಕಿಂತ ಬಹಳ ದೊಡ್ಡದಾಗಿದ್ದರೆ ಎರಡನೆಯದು.

ಕಂದು ಬಣ್ಣದ ಚಿಕ್ಕ ಹೂವಿನಂತೆ ತೋರುವ ಐಪ್ಟೇಸಿಯವನ್ನು ಕಿತ್ತೆಸೆಯಲು ಹೋದರೆ, ಉಳಿದ ತುಣುಕಿನಿಂದಲೇ ಅದು ಮರಳಿ ಬೆಳೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ತಾಯಂದಿರು ಮನಸ್ಸಿನಲ್ಲಿಡಬೇಕು. ಅಂಗಿಯ ಗುಂಡಿಗಳಂತೆ ಕಲ್ಲಿನ ಮೇಲೆ ಒತ್ತಾಗಿ ಬೆಳೆಯುವ ಜೋಆಂಥಿಡ್ ಎಂಬ ಜೀವಿಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಧರಿಸಿರುತ್ತವೆ. ಕಲ್ಲನ್ನು ಶುದ್ಧಮಾಡುವೆವೆಂದು ಕುದಿಸಿದಾಗ ವಿಷವು ಆವಿಯೊಡನೆ ಉಸಿರನ್ನು ಸೇರಿ, ಮನೆಮಂದಿ ಆಸ್ಪತ್ರೆಗೆ ಸೇರಬೇಕಾದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ. ಆದುದರಿಂದ ಕಡಲಗಲ್ಲನ್ನು ಎಂದಿಗೂ ಕುದಿಸಕೂಡದು, ಬಿಸಿನೀರು ಸುರಿಯಕೂಡದು, ಕೈಗವಸಿಲ್ಲದೆ ಮುಟ್ಟಕೂಡದು.

ಬೇಡವಾದ ಜೀವಿಯನ್ನು ಹೊಳೆಗಾಗಲಿ ಕಡಲಿಗಾಗಲಿ ಬಿಡುವುದೂ ತಪ್ಪು. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು 2001ರಿಂದ ದೊರೆತಿರುವುದರಿಂದ, ನೇತ್ರಾಣಿಯಂಥ ದ್ವೀಪಗಳ ಹವಳವನ್ನು ಕಿತ್ತು ತರುವುದು ಅಪರಾಧವೆಂಬುದನ್ನೂ ಮರೆಯಬಾರದು.

ಗೋಧಿಯ ಹೊಲದ ಕಳೆಯನ್ನು ಆತುರದಿಂದ ಕೀಳಬೇಡಿರೆಂದು ಆಳುಗಳನ್ನು ತಡೆದ ಯಜಮಾನನ ಸಾಮ್ಯವನ್ನು ನಮ್ಮ ಹುಡುಗಿಯರು ಶಾಲೆಯಲ್ಲಿ ಕಲಿತವರೇ. ಆದಾಮನಿಗೆ ದೇವರು ಒಪ್ಪಿಸಿದ ಮೊದಲ ಕೆಲಸಗಳಲ್ಲೊಂದು ಜೀವಿಗಳಿಗೆ ಹೆಸರಿಡುವುದಾಗಿತ್ತು. ಸರಿಯಾಗಿ ನೋಡದವನು ಹೆಸರಿಡಲಾರನು. ಹೆಸರು ತಿಳಿಯದವನು ನ್ಯಾಯ ತೀರಿಸಲಾರನು. ಗಾಜಿನ ತೊಟ್ಟಿಯ ಮುಂದೆ ಕುಳಿತ ಮಗುವಿಗೆ ಇಷ್ಟನ್ನು ಕಲಿಸಿದರೆ, ಆ ತೊಟ್ಟಿಯೂ ಒಂದು ಪಾಠಶಾಲೆಯೇ ಸರಿ.