ಗಲಗಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಎಷ್ಟು, ಹೊತ್ತು ಎಷ್ಟು?

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ನೌಕರಿಯಲ್ಲಿದ್ದರೆ, ಹೊರಡುವ ಹಿರಿಯರು ಕೇಳುವ ಮೊದಲ ಪ್ರಶ್ನೆ: "ಎಷ್ಟು ತಾಸಿನ ಹಾದಿ?" ರಾತ್ರಿಭೋಜನ ತ್ಯಾಗದ ನಿಯಮ ಇರುವವರಿಗೆ ಈ ಲೆಕ್ಕ ಮುಂಚೆಯೇ ಗೊತ್ತಿರಬೇಕು.

ದೂರ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಅಂತರ ಸುಮಾರು 14,000 ಕಿ.ಮೀ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಸಮೀಪ ಹಾಯುತ್ತದೆ. ಹೋಗುವಾಗ ಪೆಸಿಫಿಕ್ ಸಾಗರದ ಮೇಲಿನ ದಾರಿಯೂ ಅನುಕೂಲ; ಅಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ವಿಮಾನವನ್ನು ಮುಂದಕ್ಕೆ ದೂಡುತ್ತದೆ.

ಸಮಯ

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ಸಂಚಾರ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಮೊದಲ ವಿಮಾನವನ್ನು ಧ್ರುವದ ದಾರಿಯಲ್ಲಿ ಬೆಂಗಳೂರಿಗೆ ತಂದರು.

ಆಗಿನ ವೇಳಾಪಟ್ಟಿ ನೋಡಿ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟರೆ ಅದೇ ದಿನ ಸಂಜೆ 5ಕ್ಕೆ ಅಲ್ಲಿ. ಗಡಿಯಾರದಲ್ಲಿ ಎರಡೂವರೆ ತಾಸು. ಕುಳಿತದ್ದು 16 ತಾಸು. ಮರಳುವಾಗ ಶನಿವಾರ ರಾತ್ರಿ 8.30ಕ್ಕೆ ಹತ್ತಿದರೆ ಇಳಿಯುವುದು ಸೋಮವಾರ ನಸುಕಿನ 3.45ಕ್ಕೆ, ಅಂದರೆ 17 ತಾಸು 45 ನಿಮಿಷ. ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು ಹಿಂದಿದೆ.

ಮನೆಯಿಂದ ಮನೆಗೆ

ಕೃಷ್ಣಾ ತೀರದ ಗಲಗಲಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 10 ತಾಸು. ನಿಲ್ದಾಣಕ್ಕೆ 3 ತಾಸು ಮೊದಲು ಹೋಗಬೇಕು. ವಿಮಾನದಲ್ಲಿ 16, ಇಳಿದ ಮೇಲೆ ತಪಾಸಣೆ ಮತ್ತು ಕಾರಿಗೆ 2 ಸೇರಿಸಿದರೆ 31 ತಾಸು. ನೇರ ವಿಮಾನ ಸಿಗದೆ ನಡುವೆ ಬದಲಿಸಬೇಕಾದರೆ ಇನ್ನೂ ಹೆಚ್ಚು.

ಊಟ, ನೀರು

ಚಳಿಗಾಲದಲ್ಲಿ ಪೂರ್ವಕ್ಕೆ ಹೋಗುವಾಗ ನಮ್ಮೂರಿಗಿಂತ ಬೇಗ ಕತ್ತಲಾಗುತ್ತದೆ. ಹತ್ತಿದ ಕೂಡಲೇ ಊಟ ಮುಗಿಸಿಕೊಳ್ಳುವುದು ಲೇಸು. ಮರಳುವ ದಾರಿ ಇನ್ನೂ ಕಠಿಣ. ಜನವರಿಯಲ್ಲಿ ಧ್ರುವದ ಬಳಿ ಸೂರ್ಯ ಹುಟ್ಟುವುದೇ ಇಲ್ಲ. ರಾತ್ರಿ ಹೊರಟ ವಿಮಾನ ಬಹುತೇಕ ಕತ್ತಲಲ್ಲೇ ಸಾಗಿ ಕತ್ತಲಲ್ಲೇ ಇಳಿಯುತ್ತದೆ. ಸಂಜೆಯ ಊಟದಿಂದ ಬೆಂಗಳೂರಿನ ಸೂರ್ಯೋದಯದವರೆಗೆ 20 ತಾಸು ದಾಟುತ್ತದೆ. ನೀರನ್ನೂ ಬಿಡುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ, ಇದು ಸಣ್ಣ ಮಾತಲ್ಲ. ಹೊರಡುವ ಮೊದಲೇ ವೈದ್ಯರನ್ನು ಕೇಳಿ; ನಿಯಮದ ವಿಷಯವನ್ನು ಮುನಿಗಳ ಬಳಿ ಅರಿಕೆ ಮಾಡಿಕೊಳ್ಳಿ. ಸಾಧ್ಯವಾದರೆ ಹಗಲು ಹೆಚ್ಚು ಸಿಗುವ ವಿಮಾನವನ್ನು ಆರಿಸಿ.

ಟಿಕೆಟ್ ತೆಗೆಯುವಾಗಲೇ ಜೈನ ಊಟ ಬೇಕೆಂದು ಬರೆಸಿ. ವಿಮಾನಯಾನದಲ್ಲಿ ಇದರ ಸಂಕೇತ 'ವಿಜೆಎಂಎಲ್'. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳಿಲ್ಲದ ಊಟ. ಹೊರಡುವ ಎರಡು ದಿನ ಮೊದಲು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಗುಳಿಗೆಗಳನ್ನು ಕೈಚೀಲದಲ್ಲೇ ಇಡಿ.